ಬೆಟ್ಟ ಪ್ಯಾಕೇಜಿನಲ್ಲಿ ಸೇರಿಲ್ಲ

ದೂರದ ಬೆಟ್ಟ ನುಣ್ಣಗೆ ಅಂತ ಗಾದೆ ಕಟ್ಟಿದವರು ಕೊನೇಪಕ್ಷ ಹತ್ತಿರ ಹೋಗಿ ನೋಡಿದ್ದರು. ಈಗ ಹತ್ತಿರ ಹೋದರೂ ಬೆಟ್ಟ ಕಾಣುವುದಿಲ್ಲ. ಅದರ ಮುಂದೆ ಬೋರ್ಡ್ ನಿಂತಿರುತ್ತದೆ.

ನಾವು ಉಳಿದುಕೊಂಡ ಹೋಂಸ್ಟೇಯ ಬೋರ್ಡಿನ ತಲೆಯಲ್ಲಿ ‘ಮೌನದ ಮಡಿಲಿಗೆ ಸ್ವಾಗತ’ ಎಂದಿತ್ತು. ಅದರ ಕೆಳಗೆ 16 ಆಕ್ಟಿವಿಟಿಗಳ ಪಟ್ಟಿ. ತಂತಿಗೆ ಜೋತುಬಿದ್ದು ಜಾರುವ ಜಿಪ್‌ಲೈನ್, ಜೀಪ್ ಸವಾರಿ, ಕೆಸರಲ್ಲಿ ಹಗ್ಗಜಗ್ಗಾಟ, ಮಳೆ ಬಾರದಿದ್ದರೆ ಪೈಪಿನಲ್ಲಿ ಮಳೆ ಸುರಿಸಿಕೊಂಡು ಕುಣಿಯುವುದು. ಹದಿನೈದನೆಯದು ‘ಸುಮ್ಮನೆ ಕೂರುವುದು’, ಸಂಜೆ 5ರಿಂದ 5.30. ಅದಕ್ಕೂ ಮೊದಲೇ ಹೆಸರು ಕೊಡಬೇಕು. ಸೀಟು ಕಮ್ಮಿಯಂತೆ.

ಕೋಣೆಗೆ ಹೋದರೆ ಎಸಿ. ಸಾವಿರ ಮೀಟರ್ ಮೇಲೇರಿದರೆ ಗಾಳಿ ಸುಮಾರು 6.5 ಡಿಗ್ರಿ ತಣ್ಣಗಾಗುತ್ತದೆ. ಬೆಟ್ಟ ಪುಕ್ಕಟೆ ಕೊಡುವ ಆ ತಂಪನ್ನು ಕಿಟಕಿಗೆ ಚಿಲಕ ಹಾಕಿ ಹೊರಗೆ ನಿಲ್ಲಿಸಿ, ಒಳಗೆ ಎಸಿ ಹಾಕಿಕೊಂಡು, ಎರಡು ರಗ್ಗು ಹೊದ್ದು ಮಲಗಬೇಕು. ಎಸಿ ಆರಿಸೋಣ ಅಂದರೆ ರಿಮೋಟ್ ರಿಸೆಪ್ಷನ್ನಲ್ಲಿ. ಆ ರಿಸೆಪ್ಷನ್ನಲ್ಲಿ ದಿನವಿಡೀ ಸ್ಪೀಕರಿನಿಂದ ಹಕ್ಕಿಗಳ ಕಲರವ. ನಿಜವಾದ ಹಕ್ಕಿಗಳು ಡಿಜೆಗೆ ಹೆದರಿ ಆಚೆ ಗುಡ್ಡ ಸೇರಿಕೊಂಡಿದ್ದವು.

ಜಿಪ್‌ಲೈನಿಗೆ ಮೊದಲು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ನನಗೇನಾದರೂ ಆದರೆ ನಾನೇ ಹೊಣೆ ಅಂತ. ಸೊಂಟಕ್ಕೆ ಕಟ್ಟಿದ ಪಟ್ಟಿ ಒಂದು ಕಾಲಕ್ಕೆ ಕೆಂಪಗಿದ್ದಿರಬೇಕು. ಈಗ ಬಿಸಿಲಿಗೆ ಬೆಳ್ಳಗಾಗಿ, ಅಂಚಿನಲ್ಲಿ ನೂಲು ಎದ್ದಿತ್ತು. ಇಂಥ ನೈಲಾನ್ ಸಾಮಾನನ್ನು ಪೆಟ್ಟಿಗೆಯಲ್ಲೇ ಇಟ್ಟರೂ 10 ವರ್ಷಕ್ಕೆ ಬಿಸಾಡಿ ಅಂತ ಬಹಳಷ್ಟು ತಯಾರಕರೇ ಹೇಳುತ್ತಾರೆ.

“ಇದು ಎಷ್ಟು ವರ್ಷದ್ದಪ್ಪಾ?” ಅಂದೆ.

“ನಾನು ಕೆಲಸಕ್ಕೆ ಸೇರೋಕೆ ಮುಂಚಿನಿಂದ ಇದೆ ಸಾರ್. ಭಾಳ ಅನುಭವ ಇದಕ್ಕೆ,” ಅಂದ ಹುಡುಗ.

ನಾನು ಸುಮ್ನೆ ಇಳಿದು ಬಂದೆ. ಸಹಿ ಮಾತ್ರ ವಾಪಸ್ ಕೊಡಲಿಲ್ಲ.

ಮರುದಿನ ಚಾರಣ. 1892ರಲ್ಲಿ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಬೆಟ್ಟ ಹತ್ತುವವರು ಒಂದು ಲೆಕ್ಕ ಹಾಕಿಕೊಟ್ಟಿದ್ದರು. 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮದು 2 ಕಿಲೋಮೀಟರ್ ದಾರಿ, 300 ಮೀಟರ್ ಏರು. ಅವರ ಪ್ರಕಾರ 54 ನಿಮಿಷ. ಮ್ಯಾನೇಜರ್ ಪ್ರಕಾರ 20. ಯಾಕೆಂದರೆ 11 ಗಂಟೆಗೆ ಕೆಸರು ಕಾದಿದೆ, ಅಲ್ವಾ? ಏದುಸಿರು ಬಿಡುತ್ತಾ ಮೇಲೆ ಮುಟ್ಟಿದರೆ ಅಲ್ಲೊಂದು ದೊಡ್ಡ ಕಟ್ಟಿಗೆಯ ಚೌಕಟ್ಟು. ಅದರೊಳಗೆ ಕೂತು ಫೋಟೋ ತೆಗೆಸಿಕೊಳ್ಳಲು ಸರತಿ. ಸುತ್ತ ನಾಲ್ಕೂ ದಿಕ್ಕಿಗೆ ಬೆಟ್ಟದ ಸಾಲು ಬಿದ್ದುಕೊಂಡಿದೆ, ಯಾರೂ ಕೇಳುವವರಿಲ್ಲ. ಚೌಕಟ್ಟಿನಲ್ಲಿ ಹಿಡಿಸಿದಷ್ಟು ಬೆಟ್ಟಕ್ಕೆ ಮಾತ್ರ ನಲವತ್ತು ಜನ ಕಾಯುತ್ತಿದ್ದಾರೆ. ನಾನೂ ನಿಂತೆ, ಸುಳ್ಳೇಕೆ.

ಹದಿನಾರನೆಯ ಆಕ್ಟಿವಿಟಿ ನಕ್ಷತ್ರ ವೀಕ್ಷಣೆ, ರಾತ್ರಿ 9.30ರಿಂದ 10. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಅಂದರೆ ಚುಕ್ಕಿ ಕಾಣಲು ಶುರುವಾಗುವ ಹೊತ್ತಿಗೆ ಕಾರ್ಯಕ್ರಮ ಮುಗಿಯುತ್ತದೆ. ಆ ಚಿಂತೆಯೂ ಬೇಡ ಅಂತ ಅಂಗಳದ ನಾಲ್ಕು ಮೂಲೆಗೂ ಫ್ಲಡ್‌ಲೈಟ್ ಉರಿಸಿದ್ದರು. ಮೇಲೆ ನೋಡಿದರೆ ಹಾಲಿನಲ್ಲಿ ಅದ್ದಿ ತೆಗೆದಂಥ ಆಕಾಶ. ಒಂದು ಚುಕ್ಕಿ ಕಂಡಿತು. ಅದೂ ವಿಮಾನ.

ಅಷ್ಟರಲ್ಲಿ ಕರೆಂಟ್ ಹೋಯಿತು. ಡಿಜೆ ನಿಂತಿತು. ಎಲ್ಲೋ ಕೆಳಗೆ ತೊರೆಯೊಂದು ಹರಿಯುವ ಸದ್ದು ಕೇಳಿಸಿತು. ಎರಡು ದಿನದಿಂದ ಅದು ಅಲ್ಲೇ ಇತ್ತು ಅಂತ ಯಾರಿಗೂ ಗೊತ್ತಿರಲಿಲ್ಲ. ಒಂದೊಂದಾಗಿ ಚುಕ್ಕಿಗಳು ಮೂಡತೊಡಗಿದವು. ಒಂದು ಮಗು “ಅಮ್ಮಾ, ನೋಡು” ಅಂದಿತು.

ಮ್ಯಾನೇಜರ್ ಟಾರ್ಚ್ ಹಿಡಿದು ಓಡಿ ಬಂದರು. “ದಯವಿಟ್ಟು ಕ್ಷಮಿಸಿ, ತೊಂದರೆ ಆಯ್ತು. ಎರಡೇ ನಿಮಿಷ, ಜನರೇಟರ್ ಹಾಕ್ತಿದ್ದೀವಿ!”

ಜನರೇಟರ್ ಗುಡುಗಿತು. ಫ್ಲಡ್‌ಲೈಟ್ ಹತ್ತಿಕೊಂಡವು. ಅಂಗಳದಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಹುಡುಗ ಪಟ್ಟಿ ತೆಗೆದು ನಕ್ಷತ್ರದ ಎದುರು ಟಿಕ್ ಹಾಕಿದ.