ಲಿಂಕ್ ಆಗಿದೆ, ಆದ್ರೆ ಲಿಂಕ್ ಆಗಿಲ್ಲ

“ಅಮ್ಮಾ, ನಿಮ್ದು ಲಿಂಕ್ ಆಗಿದೆ. ಆದ್ರೆ ಲಿಂಕ್ ಆಗಿಲ್ಲ.”

ಬ್ಯಾಂಕಿನ ಮೂರನೇ ಕೌಂಟರಿನ ಗಾಜಿನ ಕಿಂಡಿಯಿಂದ ಈ ಮಾತು ಹೊರಬಿದ್ದಾಗ ನಮ್ಮ ಚಿಕ್ಕಮ್ಮ ತಿರುಗಿ ನನ್ನ ಮುಖ ನೋಡಿದಳು. ನಾನು ಸೀಲಿಂಗ್ ಫ್ಯಾನ್ ನೋಡಿದೆ. ಅಲ್ಲಮನ ಬೆಡಗಿನ ವಚನಕ್ಕಾದರೂ ಟೀಕೆ ಬರೆದವರಿದ್ದಾರೆ, ಇದಕ್ಕೆ ಯಾರನ್ನು ಕೇಳುವುದು?

ಆ ಹುಡುಗ ಪಾಪ ಒಳ್ಳೆಯವನು, ಬಿಡಿಸಿ ಹೇಳಿದ. ಆಧಾರ್ ನಂಬರು ಖಾತೆಗೆ ಲಿಂಕ್ ಆಗಿದೆಯಂತೆ. ಆದರೆ ಸೀಡಿಂಗ್ ಆಗಿಲ್ಲವಂತೆ. ಸರ್ಕಾರದ ದುಡ್ಡು ಬರಬೇಕಾದರೆ ಬ್ಯಾಂಕುಗಳ ನಡುವೆ ಹಣ ಸಾಗಿಸುವ ಎನ್‌ಪಿಸಿಐ ಎಂಬಲ್ಲಿ ಸೀಡ್ ಆಗಬೇಕು, ಅದೂ ಒಂದೇ ಒಂದು ಬ್ಯಾಂಕಿಗೆ. ಐದು ಬ್ಯಾಂಕಲ್ಲಿ ಆಧಾರ್ ಕೊಟ್ಟಿದ್ದರೂ ಕೊನೆಗೆ ಎಲ್ಲಿ ಸೀಡ್ ಆಗಿದೆಯೋ ಅಲ್ಲಿಗೇ ದುಡ್ಡು.

“ಸೀಡು ಅಂದ್ರೆ ಬೀಜ ಅಲ್ವೇನಪ್ಪ?” ಅಂದಳು ಚಿಕ್ಕಮ್ಮ. ಹೊಲ ಮಾಡಿದವಳು, ಗೊಬ್ಬರದಂಗಡಿಯ ಇಂಗ್ಲಿಷು ಅವಳಿಗೆ ಚೆನ್ನಾಗಿ ಬರುತ್ತದೆ. “ಹಂಗಾದ್ರೆ ಬಿತ್ತನೆ ಆಗಿಲ್ಲ ಅನ್ನು. ಯಾವ ಮಳೆಗೆ ಬಿತ್ತೀರಾ?”

ಅವಳ ಎರಡು ಸಾವಿರ ರೂಪಾಯಿಯ ಗೃಹಲಕ್ಷ್ಮಿ ಹಣ ಹೋಗಿ ಕೂತಿದ್ದು ಎಲ್ಲಿ ಅಂತೀರಿ? ಎಷ್ಟೋ ವರ್ಷದ ಹಿಂದೆ ಊರ ಶಾಲೆಯಲ್ಲಿ ಕ್ಯಾಂಪ್ ಹಾಕಿ ಯಾರೋ ಹೆಬ್ಬೆಟ್ಟು ಒತ್ತಿಸಿಕೊಂಡು ತೆರೆದಿದ್ದ ಇನ್ನೊಂದು ಬ್ಯಾಂಕಿನ ಖಾತೆಯಲ್ಲಿ. ಪಾಸ್‌ಬುಕ್ ಇಲಿ ತಿಂದಿದೆ. ಖಾತೆಯಿತ್ತೆಂಬುದೇ ಇವಳಿಗೆ ನೆನಪಿಲ್ಲ, ಸರ್ಕಾರಕ್ಕೆ ಮಾತ್ರ ಚೆನ್ನಾಗಿ ನೆನಪಿದೆ.

ಇಂಗ್ಲಿಷಿನ ಈ ‘ಲಿಂಕ್’ ಸ್ಕ್ಯಾಂಡಿನೇವಿಯಾ ಕಡೆಯಿಂದ ಬಂದ ಪದ, ಸರಪಳಿಯ ಒಂದು ಬಳೆ ಎಂಬುದೇ ಅದರ ಮೂಲ ಅರ್ಥ. ನಮ್ಮ ಇಲಾಖೆಗಳು ಮೂಲಕ್ಕೆ ನಿಷ್ಠೆಯಿಂದಿವೆ. ಒಂದು ಬಳೆ ಹಾಕಿಸಿಕೊಂಡು ಬಂದವನಿಗೆ ಮುಂದಿನ ಕೌಂಟರಿನಲ್ಲಿ ಇನ್ನೊಂದು ಕಾದಿರುತ್ತದೆ. ಕನ್ನಡದಲ್ಲಿ ಇದಕ್ಕೆ ಕೊಂಡಿ ಎಂದರು ನಮ್ಮ ಪಂಡಿತರು. ಚೇಳಿನ ಬಾಲದ ತುದಿಯಲ್ಲಿರುವುದೂ ಕೊಂಡಿಯೇ. ಇಷ್ಟು ಕರಾರುವಾಕ್ಕಾದ ಅನುವಾದ ಕನ್ನಡದಲ್ಲಿ ಇನ್ನೊಂದಿಲ್ಲ.

ಅರಳಿಕಟ್ಟೆಯಲ್ಲಿ ಈ ಪದದ ಸಂಸಾರವೇ ಬೇರೆ. “ಅವರಿಬ್ಬರಿಗೂ ಲಿಂಕ್ ಇದೆಯಂತೆ” ಎಂದು ದನಿ ತಗ್ಗಿಸಿ ಹೇಳಿದರೆ ಅದು ಬ್ಯಾಂಕಿನ ವಿಚಾರವಲ್ಲ. “ಅವನಿಗೆ ಮೇಲೆ ಲಿಂಕ್ ಇದೆ” ಎಂದು ಬೆರಳನ್ನು ಮೇಲಕ್ಕೆ ತೋರಿಸಿದರೆ ದೇವರ ವಿಚಾರವೂ ಅಲ್ಲ, ವಿಧಾನಸೌಧದ ಮೂರನೇ ಮಹಡಿಯದ್ದು. ಈ ಕೊನೆಯ ಲಿಂಕ್ ಇದ್ದವರಿಗೆ ಉಳಿದ ಯಾವ ಲಿಂಕೂ ಬೇಕಾಗುವುದಿಲ್ಲ. ಅಂಥವರು ಟೋಕನ್ ಹಿಡಿದು ಬೆಂಚಿನ ಮೇಲೆ ಕೂತದ್ದನ್ನು ನೀವು ಕಂಡಿದ್ದರೆ ಹೇಳಿ.

ಪ್ಯಾನ್ ಕಾರ್ಡಿನ ಕಥೆ ಕೇಳಿ. ಕೊಟ್ಟದ್ದು ಸರ್ಕಾರ. ಆಧಾರ್ ಕೊಟ್ಟದ್ದೂ ಸರ್ಕಾರ. ಇವೆರಡರ ಮೇಲಿರುವವನು ಒಬ್ಬನೇ ಎಂದು ಸರ್ಕಾರಕ್ಕೆ ತಿಳಿಸಿಕೊಡುವ ಹೊಣೆ ಮಾತ್ರ ನಮ್ಮದು. 2017ರಲ್ಲಿ ಕಾನೂನಾಯಿತು, ಗಡುವು ಮುಂದಕ್ಕೆ ಹೋಗುತ್ತಲೇ ಇತ್ತು, 2022ರ ಏಪ್ರಿಲ್‌ನಿಂದ 500 ರೂಪಾಯಿ, ಜುಲೈನಿಂದ 1,000 ರೂಪಾಯಿ ದಂಡ. ನನ್ನ ಎಡಗೈಯನ್ನು ನನ್ನ ಬಲಗೈಗೆ ಪರಿಚಯ ಮಾಡಿಸಲು ನಾನೂ ಸಾವಿರ ಕಟ್ಟಿದವನೇ. ಮದುವೆ ದಲ್ಲಾಳಿಯಾದರೂ ಹೆಣ್ಣು ಗಂಡು ಬೇರೆಬೇರೆ ಮನೆಯವರಾಗಿದ್ದರೆ ಮಾತ್ರ ಕಮಿಷನ್ ಕೇಳುತ್ತಾನೆ.

ಬ್ಯಾಂಕ್ ಖಾತೆಗೆ, ಮೊಬೈಲಿಗೆ ಆಧಾರ್ ಕಡ್ಡಾಯ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರಂದು ಹೇಳಿತು. ಪ್ಯಾನ್‌ಗೆ ಮತ್ತು ಸರ್ಕಾರಿ ಸವಲತ್ತಿಗೆ ಇರಲಿ ಎಂದಿತು. ಈ ತೀರ್ಪಿನ ಕನ್ನಡ ಭಾವಾನುವಾದವನ್ನೂ ಆ ಮೂರನೇ ಕೌಂಟರಿನಲ್ಲೇ ಕೇಳಿದೆ: “ಕಡ್ಡಾಯ ಏನಿಲ್ಲ ಸಾರ್. ಆದ್ರೆ ಮಾಡಿಸ್ಲೇಬೇಕು.”

ಹೆಸರಿನ ತಾಪತ್ರಯ ಶುರುವಾದದ್ದು ಆಮೇಲೆ. ಚಿಕ್ಕಮ್ಮನ ಹೆಸರು ಗಂಗಮ್ಮ. ಆಧಾರಿನ ಇಂಗ್ಲಿಷಿನಲ್ಲಿ ಅವಳಿಗೆ ಎರಡು ‘ಎಂ’, ಈ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಒಂದು. ರೇಷನ್ ಕಾರ್ಡಿನಲ್ಲಿ ಗಂಗಮ್ಮ ಕೋಂ ಲೇಟ್ ತಿಮ್ಮಯ್ಯ. ಒಂದು ಎಂಗೂ ಎರಡು ಎಂಗೂ ನಡುವೆ ಇರುವ ಹೆಂಗಸು ತಾನು ಯಾರೆಂದು ಅಫಿಡವಿಟ್ ಬರೆದುಕೊಡಬೇಕು, ‘ಈ ಎರಡೂ ಹೆಸರಿನ ವ್ಯಕ್ತಿ ನಾನೇ’ ಎಂದು. ಅಫಿಡವಿಟ್ ಟೈಪ್ ಮಾಡಿದವನು ಮೂರು ಎಂ ಹಾಕಿದ್ದ. ಅದನ್ನು ನಾನು ನೋಡಿದ್ದು ನೋಟರಿಯ ಸೀಲು ಬಿದ್ದ ಮೇಲೆ.

ಇಷ್ಟಾದ ಮೇಲೆ ಬೆರಳು. ಯಂತ್ರದ ಮೇಲೆ ಹೆಬ್ಬೆಟ್ಟಿಟ್ಟಳು, ಕೆಂಪು ದೀಪ. “ಕೈ ಒರೆಸ್ಕೊಂಡು ಇಡಿ ಅಮ್ಮಾ.” ಸೆರಗಿಗೆ ಒರೆಸಿ ಇಟ್ಟಳು, ಕೆಂಪು. ಹುಡುಗ ತಾನೇ ಅವಳ ಬೆರಳು ಹಿಡಿದು ಒತ್ತಿದ, ಕೆಂಪು. ಐವತ್ತು ವರ್ಷ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸಿದ ಕೈ ಅದು, ಗೆರೆಯೆಲ್ಲ ಆ ಕಲ್ಲಿಗೇ ಹೋಗಿದೆ. ಎಂಟನೇ ಬೆರಳಿಗೆ, ಅಂದರೆ ಎಡಗೈಯ ಉಂಗುರದ ಬೆರಳಿಗೆ, ಹಸಿರು ದೀಪ ಹತ್ತಿತು. ಹಿಂದೆ ನಿಂತಿದ್ದ ಕ್ಯೂ ಪೂರ್ತಿ “ಹಾಂ!” ಅಂದಿತು, ಕ್ರಿಕೆಟ್ಟಿನಲ್ಲಿ ಕೊನೇ ಬಾಲಿಗೆ ಗೆದ್ದ ಹಾಗೆ.

ಪಹಣಿಯ ಲಿಂಕ್ ಇನ್ನೂ ಬಾಕಿ. 2024ರಲ್ಲಿ ಕಂದಾಯ ಇಲಾಖೆ ಪಹಣಿಗೆ ಆಧಾರ್ ಜೋಡಿಸುವ ಕೆಲಸ ಹಿಡಿದಾಗ ನಮ್ಮೂರಿನಲ್ಲೂ ಮನೆಮನೆಗೆ ಬಂದರು. ಉದ್ದೇಶ ಒಳ್ಳೆಯದೇ, ಮೋಸದ ಪರಭಾರೆ ತಪ್ಪಲಿ ಎಂದು. ಚಿಕ್ಕಮ್ಮನ ಎರಡೂವರೆ ಎಕರೆ ಮಾತ್ರ ಇನ್ನೂ ಅವಳ ಮಾವನ ಹೆಸರಲ್ಲೇ ಇದೆ. “ಯಜಮಾನರ ಆಧಾರ್ ಕೊಡಿ” ಎಂದು ಕೇಳಿದರಂತೆ. ಮಾವ ತೀರಿಕೊಂಡದ್ದು 1998ರಲ್ಲಿ. ದೇಶದ ಮೊದಲ ಆಧಾರ್ ಸಂಖ್ಯೆ ಕೊಟ್ಟದ್ದು 2010ರ ಸೆಪ್ಟೆಂಬರಿನಲ್ಲಿ, ಮಹಾರಾಷ್ಟ್ರದ ನಂದುರ್‌ಬಾರ್ ಜಿಲ್ಲೆಯ ತೆಂಭ್ಲಿಯಲ್ಲಿ. ಹನ್ನೆರಡು ವರ್ಷ ತಡೆದುಕೊಂಡಿದ್ದರೆ ಅವರಿಗೂ ಹನ್ನೆರಡಂಕಿ ಸಿಗುತ್ತಿತ್ತು. ಅವಸರದ ಮನುಷ್ಯ.

ಮನುಷ್ಯರನ್ನು ಹೀಗೆ ಹಗಲೂ ರಾತ್ರಿ ಲಿಂಕ್ ಮಾಡುವ ದೇಶದಲ್ಲಿ ನೀರಿಗೆ ಮಾತ್ರ ಈ ಭಾಗ್ಯವಿಲ್ಲ. ಮಹದಾಯಿ ನದಿಗೆ ಸೇರುವ ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ಸೇರಿಸಿ ಎಂದು ನರಗುಂದದ ರೈತರು 2015ರಲ್ಲಿ ಧರಣಿ ಕೂತರು. ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಎಂದು ಬರೆಯಿತು. ನೀರು ಇನ್ನೂ ಕಾಗದದ ಮೇಲೆಯೇ ಹರಿಯುತ್ತಿದೆ. ಹಳ್ಳಕ್ಕೆ ಹೆಬ್ಬೆಟ್ಟಿಲ್ಲ, ಅದೇ ತೊಡಕಿರಬೇಕು.

ಹತ್ತು ದಿನ ಬಿಟ್ಟು ರಾತ್ರಿ ಒಂಬತ್ತಕ್ಕೆ ಚಿಕ್ಕಮ್ಮನ ಫೋನು. “ಲೋ, ಎರಡು ಮೆಸೇಜ್ ಬಂದದೆ ಕಣೋ. ಪಕ್ಕದ್ಮನೆ ಹುಡುಗಿ ಓದಿ ಹೇಳಿದ್ಲು. ಒಂದ್ರಲ್ಲಿ ಯಾವ ಲಿಂಕೂ ಒತ್ತಬೇಡಿ, ಒತ್ತಿದ್ರೆ ದುಡ್ಡೆಲ್ಲ ಹೋಗ್ತದೆ ಅಂತ ಬ್ಯಾಂಕ್ನೋರೇ ಬರೆದವ್ರೆ.”

“ಸರಿಯಾಗೇ ಬರೆದಿದ್ದಾರೆ ಚಿಕ್ಕಮ್ಮ. ಇನ್ನೊಂದು?”

“ನಿಮ್ಮ ಲಿಂಕ್ ಆಗಿದೆ, ನೋಡೋಕೆ ಈ ಲಿಂಕ್ ಒತ್ತಿ ಅಂತ. ಅದೂ ಅವರೇ ಬರೆದಿರೋದಂತೆ. ಈಗ ಒತ್ಲೋ, ಬ್ಯಾಡ್ವೋ?”