ನೋವಾ, ಒತ್ತಡಾನಾ?

ಮಾಮೂಲಿ ಹಲ್ಲಿನ ಡಾಕ್ಟರು ನಮ್ಮ ಬಾಯಲ್ಲಿ ಕೈ ಇಟ್ಟುಕೊಂಡೇ ಊರ ಸುದ್ದಿಯೆಲ್ಲ ಕೇಳುತ್ತಾರೆ. ಕೆಲಸ ಹೇಗಿದೆ, ಮಗಳು ಎಷ್ಟನೇ ಕ್ಲಾಸು, ರಜೆಗೆ ಎಲ್ಲಿಗೆ. ನಾವು 'ಆ' ಅಂದರೂ ನಡೆಯುತ್ತದೆ, 'ಊ' ಅಂದರೂ ನಡೆಯುತ್ತದೆ. ಓರಲ್ ಸರ್ಜನ್, ಅಂದರೆ ಬಾಯಿ, ದವಡೆಗೆ ಆಪರೇಷನ್ ಮಾಡುವವರು, ಹಾಗಲ್ಲ. ಅವರು ಕೇಳುವುದು ಒಂದೇ ಪ್ರಶ್ನೆ. ಆದರೆ ಅದಕ್ಕೆ ಸರಿಯಾದ ಉತ್ತರ ಬೇಕೇ ಬೇಕು.

ನನಗೆ ಅವರ ಪರಿಚಯ ಮಾಡಿಸಿದ್ದು ಕೆಳದವಡೆಯ ಕಟ್ಟಕಡೆಯ ಹಲ್ಲು. ಬುದ್ಧಿಹಲ್ಲು ಅಂತಾರಲ್ಲ, ಅದು. ಸಾಮಾನ್ಯವಾಗಿ 17ರಿಂದ 25 ವರ್ಷದೊಳಗೆ ಬಂದು ಸೇರುವ ಗಿರಾಕಿ. ನನ್ನದು ಪೂರ್ತಿ ಬರಲೂ ಇಲ್ಲ, ಹಾಗಂತ ಒಳಗೇ ಇರಲೂ ಇಲ್ಲ. ಒಸಡಿನಿಂದ ಒಂದು ಮೂಲೆ ಮಾತ್ರ ಹೊರಗೆ ಹಾಕಿ ವರ್ಷಗಟ್ಟಲೆ ಸುಮ್ಮನಿತ್ತು. ಆಮೇಲೆ ಉಳಿದ ಭಾಗವನ್ನು ಮುಚ್ಚಿದ್ದ ಒಸಡಿನ ಅಡಿ ಊಟದ ಚೂರುಗಳು ಸೇರಿಕೊಳ್ಳಲು ಶುರುವಾಯಿತು. ಒಸಡು ಊದಿಕೊಳ್ಳುವುದು, ಇಳಿಯುವುದು, ಮತ್ತೆ ಊದಿಕೊಳ್ಳುವುದು. ನಮ್ಮ ಮಾಮೂಲಿ ಡಾಕ್ಟರು ನೋಡಿ, "ಇದು ನಾನು ಕೈ ಹಾಕೋ ಕೇಸಲ್ಲ. ಸರ್ಜನ್‌ಗೆ ಬರೆದುಕೊಡ್ತೀನಿ" ಅಂದರು. ಅವರ ಮುಖದಲ್ಲಿ ಇದ್ದದ್ದು ಕನಿಕರವೋ, ಸದ್ಯ ತಪ್ಪಿತಲ್ಲ ಅನ್ನುವ ಸಮಾಧಾನವೋ ಗೊತ್ತಾಗಲಿಲ್ಲ.

ಮೊದಲು ಓಪಿಜಿ ಅಂತ ಒಂದು ಎಕ್ಸ್‌ರೇ. ಓಲೆ, ಸರ ಎಲ್ಲ ಬಿಚ್ಚಿಡಬೇಕು. ಗದ್ದವನ್ನು ಒಂದು ಪುಟ್ಟ ಕಟ್ಟೆಯ ಮೇಲೆ ಊರಿ, ಮುಂದಿನ ಹಲ್ಲಲ್ಲಿ ಪ್ಲಾಸ್ಟಿಕ್ ಕಡ್ಡಿ ಕಚ್ಚಿಕೊಂಡು ನಿಲ್ಲಬೇಕು. ಯಂತ್ರ ತಲೆಯ ಸುತ್ತ ಅರ್ಧ ಪ್ರದಕ್ಷಿಣೆ ಹಾಕುತ್ತದೆ. ಕಿವಿಯಿಂದ ಕಿವಿಯವರೆಗಿನ ಅಷ್ಟೂ ಹಲ್ಲು, ಎರಡೂ ದವಡೆ ಒಂದೇ ಫೋಟೋದಲ್ಲಿ. ನಮ್ಮ ಮನೆಯವರು ಅದನ್ನು ಬೆಳಕಿಗೆ ಹಿಡಿದು, "ನೀನು ಇಷ್ಟು ಚೆನ್ನಾಗಿ ನಕ್ಕಿರೋ ಫೋಟೋ ಇದೊಂದೇ ನೋಡು" ಅಂದರು.

ಎಕ್ಸ್‌ರೇಯಲ್ಲಿ ನನ್ನ ಹಲ್ಲು ಆರಾಮವಾಗಿ ಮಲಗಿತ್ತು. ಬಸ್ಸಿನಲ್ಲಿ ಕೆಲವರು ಎರಡು ಸೀಟು ಹಿಡಿದು ಅಡ್ಡಡ್ಡ ಮಲಗಿ, ತಲೆಯನ್ನು ಪಕ್ಕದವರ ಪಕ್ಕೆಗೆ ಒತ್ತಿಕೊಂಡಿರುತ್ತಾರಲ್ಲ, ಥೇಟ್ ಹಾಗೆ. ಎಬ್ಬಿಸಿದರೂ ಏಳುವ ಪೈಕಿಯಲ್ಲ. ಅದರ ಬೇರಿನ ಕೆಳಗೇ ಒಂದು ಮಸುಕಾದ ಓಣಿ ಹಾದುಹೋಗಿತ್ತು. ಸರ್ಜನ್ ಮೇಡಂ ಪೆನ್ನಿನ ತುದಿಯಿಂದ ಅದನ್ನು ತೋರಿಸಿ, "ಇದು ನರ ಹೋಗೋ ದಾರಿ. ಕೆಳತುಟಿಗೆ, ಗದ್ದಕ್ಕೆ ಸ್ಪರ್ಶ ಗೊತ್ತಾಗೋದು ಇದರಿಂದಾನೇ. ಬೇರು ಇದಕ್ಕೆ ತೀರಾ ಹತ್ತಿರ ಇದ್ದರೆ, ತೆಗೆದ ಮೇಲೆ ಕೆಲವರಿಗೆ ಸ್ವಲ್ಪ ದಿನ ತುಟಿ ಮರಗಟ್ಟಿದ ಹಾಗೇ ಇರುತ್ತೆ. ಅಪರೂಪಕ್ಕೆ ಜಾಸ್ತಿ ದಿನಾನೂ ಆಗಬಹುದು" ಅಂದು ಒಪ್ಪಿಗೆ ಪತ್ರ ಮುಂದಿಟ್ಟರು. ಸಹಿ ಹಾಕುವಾಗ ನನ್ನ ತುಟಿಯನ್ನು ನಾನೇ ಎರಡು ಸಲ ಮುಟ್ಟಿ ನೋಡಿಕೊಂಡೆ.

ಮೇಡಂ ನೋಡಲು ತೆಳ್ಳಗೆ, ನನ್ನ ಭುಜದವರೆಗೆ ಬರುತ್ತಿದ್ದರು ಅಷ್ಟೆ. ಇವರ ಕೈಯಲ್ಲಿ ಈ ಹಲ್ಲು ಬರುತ್ತದಾ ಅನ್ನುವ ಅನುಮಾನ ನನ್ನ ಮುಖದಲ್ಲಿ ಕಂಡಿರಬೇಕು. "ಇದರಲ್ಲಿ ಎಳೆಯೋ ಕೆಲಸ ಕಡಿಮೆ. ಒಸಡು ಬಿಡಿಸಿ, ಸುತ್ತ ಸ್ವಲ್ಪ ಮೂಳೆ ಕೊರೆದು, ಹಲ್ಲನ್ನ ಕತ್ತರಿಸಿ ತುಂಡು ತುಂಡಾಗಿ ಮೀಟೋದು. ಬಲ ಏನೂ ಬೇಡ" ಅಂದರು. ಸಮಾಧಾನ ಮಾಡಲೆಂದೇ ಹೇಳಿದ್ದು. ಆದರೆ ಕೊರೆಯುವುದು, ಕತ್ತರಿಸುವುದು, ಮೀಟುವುದು ಎಲ್ಲ ಒಂದೇ ವಾಕ್ಯದಲ್ಲಿ ಬಂದರೆ ಯಾರಿಗೆ ಸಮಾಧಾನ ಆಗುತ್ತದೆ ಹೇಳಿ.

ಇಂಜೆಕ್ಷನ್ ಆಯಿತು. ಕೆಳಗಿನ ಹಲ್ಲಿಗಾದರೂ ಸೂಜಿ ಹಾಕುವುದು ಬಾಯಿಯ ತೀರಾ ಹಿಂದೆ, ನರ ದವಡೆಯೊಳಗೆ ಇಳಿಯುವ ಜಾಗದ ಹತ್ತಿರ. ಅಲ್ಲಿ ಸ್ವಿಚ್ ಆಫ್ ಮಾಡಿದರೆ ಕೆಳದವಡೆಯ ಆ ಕಡೆಯ ಅಷ್ಟೂ ಹಲ್ಲು, ಅರ್ಧ ಕೆಳತುಟಿ, ಅರ್ಧ ಗದ್ದ, ಅರ್ಧ ನಾಲಿಗೆ ಎಲ್ಲ ಬಂದ್. "ತುಟಿ ದಪ್ಪ ಆದ ಹಾಗೆ ಅನ್ನಿಸ್ತಿದ್ಯಾ?" ಅಂದರು. ತುಟಿ ಪಕ್ಕದ ಕುರ್ಚಿಯವರೆಗೂ ಬೆಳೆದಿದೆ ಅಂತ ಹೇಳಬೇಕೆಂದಿದ್ದೆ. ಬಾಯಿಂದ ಬಂದದ್ದು ಬರೀ ಗಾಳಿ.

"ನೋವಾದರೆ ಎಡಗೈ ಎತ್ತಿ. ತಕ್ಷಣ ನಿಲ್ಲಿಸ್ತೀನಿ."

ಮೂಳೆ ಕೊರೆಯುವ ಸದ್ದು ಕಿವಿಯಿಂದ ಬರುವುದಿಲ್ಲ, ತಲೆಯ ಒಳಗಿನಿಂದಲೇ ಬರುತ್ತದೆ. ದವಡೆಯೇ ಸೌಂಡ್ ಬಾಕ್ಸು. ಅದನ್ನು ಹೇಗೋ ತಡೆದುಕೊಂಡೆ. ಆಮೇಲೆ ಮೀಟಲು ಶುರು ಮಾಡಿದರು ನೋಡಿ, ನನ್ನ ಗದ್ದವನ್ನು ಬೇರೆ ಯಾರೋ ತಮ್ಮ ಮನೆಗೆ ಒಯ್ಯುತ್ತಿದ್ದಾರೆ ಅನ್ನಿಸಿ ಎಡಗೈ ಎತ್ತಿದೆ. ಕೆಲಸ ನಿಂತಿತು. ಮೇಡಂ ಬಗ್ಗಿ ಕೇಳಿದರು.

"ನೋವಾ, ಒತ್ತಡಾನಾ?"

ಇದೇ ಆ ಪ್ರಶ್ನೆ. ಕೇಳುವುದಕ್ಕೆ ಕಾರಣವೂ ಇದೆ. ನೋವಿನ ಸುದ್ದಿ ಒಯ್ಯುವ ನರದ ಎಳೆಗಳು ತೆಳ್ಳಗಿನವು, ಇಂಜೆಕ್ಷನ್‌ಗೆ ಬೇಗ ಮಣಿಯುತ್ತವೆ. ಒತ್ತಡದ ಸುದ್ದಿ ಒಯ್ಯುವ ಎಳೆಗಳು ದಪ್ಪ, ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಹಾಗಾಗಿ ನೋವು ಇರುವುದಿಲ್ಲ, ತಳ್ಳಾಟ ಮಾತ್ರ ಪೂರ್ತಿ ಗೊತ್ತಾಗುತ್ತದೆ. ನೋವಾದರೆ ಇನ್ನೊಂದು ಇಂಜೆಕ್ಷನ್, ಒತ್ತಡವಾದರೆ ಸಹಿಸಿಕೊಳ್ಳಿ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಬಾಯಿ ತೆರೆದು ಮಲಗಿರುವ ಮನುಷ್ಯನಿಗೆ ಎರಡು ಆಯ್ಕೆ ಕೊಟ್ಟರೆ ಅವನು ಹೇಳುವುದಾದರೂ ಹೇಗೆ? ನೋವು ಅಂದರೂ 'ಆಆ', ಒತ್ತಡ ಅಂದರೂ 'ಆಆ'. ನಾನು 'ಆಆ' ಅಂದೆ. ನಳಿಕೆ ಹಿಡಿದು ನಿಂತಿದ್ದ ಸಹಾಯಕಿ ನನ್ನ ಪರವಾಗಿ ಉತ್ತರ ಕೊಟ್ಟೇಬಿಟ್ಟಳು: "ಒತ್ತಡ ಅಂತಿದಾರೆ ಮೇಡಂ." ಕೆಲಸ ಮುಂದುವರಿಯಿತು. ಅವಳು ಹೇಳಿದ್ದು ಸರಿಯೇ ಆಗಿತ್ತು. ಅದು ಬೇರೆ ಸಿಟ್ಟು.

ಈ ಸಹಾಯಕಿ ಮಾತಿನ ಮಲ್ಲಿ. ಕೈ ತನ್ನ ಪಾಡಿಗೆ ನೀರು ಎಳೆಯುತ್ತಿತ್ತು, ಬಾಯಿ ತನ್ನ ಪಾಡಿಗೆ ಕಥೆ ಹೇಳುತ್ತಿತ್ತು. ಅವಳ ಮೇಲಿನ ಮನೆಯ ಗಂಡಸು ರಾತ್ರಿ ಕೀ ಮರೆತು ಬಂದಿದ್ದನಂತೆ. ಹೆಂಡತಿ ಊರಲ್ಲಿಲ್ಲ. ಫೋನು ಮಾಡಿದರೆ ಬೈಸಿಕೊಳ್ಳಬೇಕಲ್ಲ, ಸದ್ದಿಲ್ಲದೆ ಪಕ್ಕದ ಮನೆಯವರ ಬಾಲ್ಕನಿಯಿಂದ ತನ್ನ ಬಾಲ್ಕನಿಗೆ ದಾಟಲು ಹೊರಟ. ಇಷ್ಟು ಕೇಳುವಷ್ಟರಲ್ಲಿ ಡ್ರಿಲ್ ಶುರು. ಡ್ರಿಲ್ ನಿಂತಾಗ ಕಥೆ ಮುಂದೆ ಹೋಗಿತ್ತು. "...ಒಂದು ಕಾಲು ಆ ಕಡೆ, ಒಂದು ಕಾಲು ಈ ಕಡೆ ಮೇಡಂ, ಪ್ಯಾಂಟು ಕಂಬಿಗೆ ಸಿಕ್ಕಿಹಾಕ್ಕೊಂಡಿದೆ..." ಮತ್ತೆ ಡ್ರಿಲ್. ಲಟಕ್ ಅಂತ ಹಲ್ಲು ಎರಡಾಯಿತು. ನನಗೆ ಅದರ ಮೇಲೆ ಗಮನವೇ ಇಲ್ಲ. ಹೊಲಿಗೆ ಹಾಕುವ ಹೊತ್ತಿಗೆ ಕಥೆ ತಾರಕಕ್ಕೇರಿತ್ತು. "ಅಷ್ಟರಲ್ಲಿ ಒಳಗಿಂದ ಬಾಲ್ಕನಿ ಬಾಗಿಲು ಯಾರೋ ತೆಗೆದ್ರು ಮೇಡಂ! ಯಾರು ಅಂದ್ಕೊಂಡ್ರಿ?"

"ಕತ್ತರಿ ಕೊಡು" ಅಂದರು ಮೇಡಂ.

ದಾರ ಕತ್ತರಿಸಿದರು, ಕುರ್ಚಿ ಎತ್ತಿದರು, ಹತ್ತಿಯ ಉಂಡೆ ಇಟ್ಟು "ಗಟ್ಟಿಯಾಗಿ ಕಚ್ಚಿಕೊಳ್ಳಿ, ಒಂದು ಗಂಟೆ ಬಿಡಬೇಡಿ" ಅಂದರು. ಆಮೇಲೆ ಬಹಳ ಅಕ್ಕರೆಯಿಂದ, "ಏನಾದ್ರೂ ಕೇಳೋದಿದ್ಯಾ?" ಅಂತ ವಿಚಾರಿಸಿದರು. ಕೇಳೋದಿತ್ತು. ಬಾಗಿಲು ತೆಗೆದಿದ್ದು ಯಾರು?

ಮನೆಗೆ ಬಂದಿದ್ದು ಒಂದು ಪುಟ ಸೂಚನೆ ಹಿಡಿದುಕೊಂಡು. ಉಗುಳಬೇಡಿ. ಬಾಯಿ ಮುಕ್ಕಳಿಸಬೇಡಿ. ಸ್ಟ್ರಾದಲ್ಲಿ ಹೀರಬೇಡಿ. ಬಿಸಿ ಬೇಡ. ಸಿಗರೇಟು ಮುಟ್ಟಲೇಬೇಡಿ. ತುಟಿ ಮರಗಟ್ಟಿರುವಾಗ ಅಗಿಯಬೇಡಿ, ನಿಮ್ಮ ತುಟಿಯನ್ನೇ ಅಗಿದುಬಿಡುತ್ತೀರಿ. ಇಷ್ಟೂ ಕಟ್ಟುಪಾಡು ಯಾರಿಗಾಗಿ? ಹಲ್ಲು ಹೋದ ಗುಳಿಯಲ್ಲಿ ಹೆಪ್ಪುಗಟ್ಟುವ ಒಂದು ಚೂರು ರಕ್ತಕ್ಕಾಗಿ. ಅದೇ ಗಾಯದ ಮುಚ್ಚಳ. ಅದರ ಅಡಿಯಲ್ಲೇ ಹೊಸ ಮಾಂಸ, ಆಮೇಲೆ ಮೂಳೆ ಬೆಳೆಯಬೇಕು. ಉಗುಳಿದರೆ, ಹೀರಿದರೆ ಅದು ಕಿತ್ತುಬರಬಹುದು. ಕಿತ್ತುಬಂದರೆ ಕೆಳಗಿನ ಮೂಳೆ ಬಯಲಿಗೆ ಬೀಳುತ್ತದೆ. ಡ್ರೈ ಸಾಕೆಟ್ ಅಂತಾರೆ. ಸರ್ಜರಿಯ ನೋವು ಇಳಿಯಬೇಕಾದ ಹೊತ್ತಿಗೆ, ಎರಡು ಮೂರು ದಿನದ ಮೇಲೆ, ಅದರ ನೋವು ಏರಿ ಕಿವಿಯವರೆಗೆ ಹೊಡೆಯುತ್ತದೆ. ಮತ್ತೆ ಹೋಗಿ ಲವಂಗದೆಣ್ಣೆ ವಾಸನೆಯ ಮದ್ದಿನ ಪಟ್ಟಿ ತುರುಕಿಸಿಕೊಂಡು ಬರಬೇಕು.

ಸೂಚನೆ ಓದಿದ್ದು ನಾನು. ಜಾರಿಗೆ ತಂದಿದ್ದು ನನ್ನ ಮಗಳು. ಮನೆಯ ಅಷ್ಟೂ ಸ್ಟ್ರಾಗಳನ್ನು ಬಚ್ಚಿಟ್ಟಳು. ನಾನು ವಾಶ್ ಬೇಸಿನ್ ಕಡೆ ತಿರುಗಿದರೆ ಸಾಕು, "ಅಮ್ಮಾ, ಉಗುಳ್ತಿದೀಯಾ?" ಅಂತ ಹಿಂದಿನಿಂದ ಕೂಗು. ಉಗುಳಬಾರದು ಅಂತ ಗೊತ್ತಾದ ಗಳಿಗೆಯಿಂದ ಬಾಯಲ್ಲಿ ನೀರೂರುವುದು ಜಾಸ್ತಿಯಾಯಿತು. ಮನುಷ್ಯನ ಬಾಯಲ್ಲಿ ದಿನಕ್ಕೆ ಹೆಚ್ಚುಕಡಿಮೆ ಒಂದು ಲೀಟರ್ ಜೊಲ್ಲು ಊರುತ್ತದಂತೆ. ಅಷ್ಟನ್ನೂ ಮರ್ಯಾದೆಯಾಗಿ ನುಂಗಬೇಕು. ಅದಕ್ಕೆ ನಾಲ್ಕು ಹನಿ ರಕ್ತ ಸೇರಿದರೂ ಎಲ್ಲ ಕೆಂಪಾಗಿ ಕಾಣುತ್ತದೆ. ಬೆಳಿಗ್ಗೆ ದಿಂಬು ನೋಡಿದ ನಮ್ಮ ಮನೆಯವರು ನನ್ನನ್ನು ಅಲ್ಲಾಡಿಸಿ, ಉಸಿರಾಡುತ್ತಿದ್ದೇನೆ ಅಂತ ಖಾತ್ರಿ ಮಾಡಿಕೊಂಡ ಮೇಲೇ ಬ್ರಷ್ ಮುಟ್ಟಿದ್ದು.

ಆ ರಾತ್ರಿ ಎರಡು ದಿಂಬಿನ ಮೇಲೆ ತಲೆ ಎತ್ತರಿಸಿ ಮಲಗಿ, ನಿದ್ದೆ ಬರದೆ ಫೋನಿನಲ್ಲಿ ಓದುತ್ತಿದ್ದೆ. ಅಮೆರಿಕದಲ್ಲಿ ಹೊರೇಸ್ ವೆಲ್ಸ್ ಅಂತ ಒಬ್ಬ ಹಲ್ಲಿನ ಡಾಕ್ಟರು. ನಗೆ ಅನಿಲ ಉಸಿರಾಡಿದವನಿಗೆ ಕಾಲಿಗೆ ಪೆಟ್ಟಾದರೂ ಗೊತ್ತಾಗದ್ದನ್ನು ಒಂದು ಪ್ರದರ್ಶನದಲ್ಲಿ ನೋಡಿ, 1844ರ ಡಿಸೆಂಬರಿನಲ್ಲಿ ಅದನ್ನೇ ತಾನು ಉಸಿರಾಡಿ ತನ್ನದೇ ಹಲ್ಲು ಕೀಳಿಸಿಕೊಂಡ. ನೋವೇ ಆಗಲಿಲ್ಲ. ಮರುವರ್ಷ ಬಾಸ್ಟನ್‌ನಲ್ಲಿ ನಾಲ್ಕು ಜನರ ಮುಂದೆ ತೋರಿಸಲು ಹೋದರೆ, ಹಲ್ಲು ಕೀಳುವಾಗ ರೋಗಿ ಕೂಗಿಕೊಂಡುಬಿಟ್ಟ. ನೋಡುತ್ತಿದ್ದವರೆಲ್ಲ ಮೋಸ ಅಂತ ಗೇಲಿ ಮಾಡಿದರು. ಅಲ್ಲ, ಆ ರೋಗಿಯನ್ನು ಒಂದು ಮಾತು ಕೇಳಬಾರದಿತ್ತಾ, ನೋವಾ, ಒತ್ತಡಾನಾ ಅಂತ? ನನಗೆ ಚುಚ್ಚಿದ ಮರಗಟ್ಟಿಸುವ ಮದ್ದು ಲಿಗ್ನೋಕೇನ್ ಬಂದಿದ್ದು ತೀರಾ ಈಚೆಗೆ, 1943ರಲ್ಲಿ, ಸ್ವೀಡನ್‌ನಲ್ಲಿ. ಅದನ್ನು ತಯಾರಿಸಿದ ಲೋಫ್‌ಗ್ರೆನ್ ಜೊತೆಗಿದ್ದ ಲುಂಡ್‌ಕ್ವಿಸ್ಟ್ ಅನ್ನುವ ಹುಡುಗ ಮೊದಲು ತನಗೇ ಚುಚ್ಚಿಕೊಂಡು ನೋಡಿದ್ದ. ಆ ಪುಣ್ಯಾತ್ಮನನ್ನು ನೆನೆಯುತ್ತಾ ನೋವಿನ ಮಾತ್ರೆ ನುಂಗಿದೆ.

ಮೊದಲ ದಿನ ಮುಖ ನೋಡಿಕೊಂಡು, ಊದೇ ಇಲ್ಲವಲ್ಲ ಅಂತ ಬೀಗುವವರು ಸ್ವಲ್ಪ ತಡೆಯಬೇಕು. ಊತ ಏರುವುದೇ ಎರಡನೇ, ಮೂರನೇ ದಿನಕ್ಕೆ. ಮೊದಲ ದಿನವೆಲ್ಲ ಐಸ್ ಒತ್ತಿದ್ದೆ, ಬಿಟ್ಟು ಬಿಟ್ಟು. ಆದರೂ ಊದಿತು. ಅದೂ ಒಂದೇ ಕಡೆ. ಎಡಗಡೆಯಿಂದ ನೋಡಿದವರು "ಅಯ್ಯೋ ಏನಾಯ್ತು" ಅನ್ನುತ್ತಿದ್ದರು. ಬಲಗಡೆಯಿಂದ ನೋಡಿದವರಿಗೆ ನಾನು ಸುಮ್ನೆ ರಜೆ ಹಾಕಿದ್ದೇನೆ ಅನ್ನಿಸುತ್ತಿತ್ತು. ಆಫೀಸಿನ ವೀಡಿಯೊ ಮೀಟಿಂಗಿನಲ್ಲಿ ಕ್ಯಾಮೆರಾಗೆ ಕಂಡಿದ್ದು ಬಲಗಡೆ. "ಚೆನ್ನಾಗೇ ಇದೀರಲ್ಲ, ನೀವೇ ಶುರು ಮಾಡಿ" ಅಂದರು ಬಾಸು. ಕುರ್ಚಿಯನ್ನು ಮೆಲ್ಲಗೆ ತಿರುಗಿಸಿದೆ. "ಬೇಡ ಬೇಡ, ರೆಸ್ಟ್ ತಗೊಳ್ಳಿ" ಅಂದರು.

ಊತ ಇಳಿಯುತ್ತಾ ಬಂದಂತೆ ಬಣ್ಣ ಶುರು. ಕೆನ್ನೆಯಿಂದ ಗದ್ದದವರೆಗೆ ನೇರಳೆ, ಅಂಚಿನಲ್ಲಿ ಹಸಿರು, ಹಳದಿ. ಒಳಗೆ ಸೋರಿದ ರಕ್ತ ಕೆಳಗೆ ಇಳಿದು ಕರಗುವ ಬಗೆ ಅದು, ಭಯ ಇಲ್ಲ. ಆದರೆ ನೋಡುವವರಿಗೆ ಇದೆಲ್ಲ ಎಲ್ಲಿ ಗೊತ್ತು? ಒಮ್ಮೆ ನನ್ನ ಕೆನ್ನೆ ನೋಡುವುದು, ಒಮ್ಮೆ ನಮ್ಮ ಮನೆಯವರ ಕೈ ನೋಡುವುದು. ಪಾಪ, ಅವರು ಹೋದಲ್ಲೆಲ್ಲ ಯಾರೂ ಕೇಳುವ ಮೊದಲೇ "ಹಲ್ಲು, ಹಲ್ಲು" ಅನ್ನತೊಡಗಿದರು. ಕೇಳುವ ಮೊದಲೇ ಹೇಳಿದರೆ ಅನುಮಾನ ಜಾಸ್ತಿಯಾಗುತ್ತದೆ ಅಂತ ನಾನು ಚೀಟಿ ಬರೆದು ತೋರಿಸಿದೆ. ಆಮೇಲೆ ಎಕ್ಸ್‌ರೇ ಜೊತೆಗೇ ಇಟ್ಟುಕೊಂಡು ಓಡಾಡಿದರು.

ತಿನ್ನುವ ವಿಷಯಕ್ಕೆ ಬಂದರೆ, ಐಸ್ ಕ್ರೀಮ್ ಅಂತ ಎಲ್ಲರೂ ಆಸೆ ಹುಟ್ಟಿಸಿದ್ದರು. ಮೊದಲ ಬಟ್ಟಲು ಅರ್ಧ ತುಟಿಯಿಂದ ಜಾರಿ ನೈಟಿಗೆ ಹೋಯಿತು. ಎರಡು ದಿನ ಕಳೆಯುವಷ್ಟರಲ್ಲಿ ಸಿಹಿ ಅಂದರೆ ವಾಕರಿಕೆ. ಮನಸ್ಸು ಕೇಳುತ್ತಿದ್ದುದು ಕುರುಂ ಅನ್ನುವ ಏನನ್ನಾದರೂ. ಅಪ್ಪ, ಮಗಳು ನನ್ನೆದುರು ಅಗಿಯಬಾರದೆಂದು ತಿಂಡಿ ಡಬ್ಬ ಹಿಡಿದು ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಸದ್ದು ಬಾಗಿಲು ದಾಟಿ ಬರುತ್ತಿತ್ತು.

ಇದೆಲ್ಲಕ್ಕಿಂತ ಕಷ್ಟ ಆಗಿದ್ದು ಬಾಯಿ ತೆರೆಯುವುದು. ದವಡೆಯ ಸ್ನಾಯು ಬಿಗಿದುಕೊಂಡು ಒಂದು ಬೆರಳೂ ಹಿಡಿಸುತ್ತಿರಲಿಲ್ಲ. ಚಮಚ ಅಡ್ಡ ಹಿಡಿದು ತೂರಿಸಬೇಕು. ನಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯಿಗೆ ಹಿಡಿಸಿದರೆ ಸರಿಹೋಯಿತು ಅಂತ ಲೆಕ್ಕವಂತೆ. ಮೊದಲ ದಿನ ದಾಟಿದ ಮೇಲೆ ದಿನಾ ಉಗುರುಬೆಚ್ಚಗಿನ ಉಪ್ಪುನೀರು, ದಿನಾ ಬೆರಳು. ಅತ್ತೆ ಫೋನು ಮಾಡಿದರೆ ಹಲ್ಲು ಕಚ್ಚಿಕೊಂಡೇ ಮಾತಾಡಬೇಕು. "ಯಾಕೆ ಕೋಪ ಮಾಡ್ಕೊಂಡ ಹಾಗೆ ಮಾತಾಡ್ತಾಳೆ?" ಅಂತ ಮಗನನ್ನು ಕೇಳಿದರಂತೆ.

ಒಂದು ವಾರ ಬಿಟ್ಟು ಹೊಲಿಗೆ ಬಿಚ್ಚಲು ಹೋದೆ. ಕುರ್ಚಿಯಲ್ಲಿ ಕೂತವಳೇ, ಮೇಡಂ ಕನ್ನಡಿ ಎತ್ತಿಕೊಳ್ಳುವ ಮೊದಲೇ ಸಹಾಯಕಿಯ ಕಡೆ ತಿರುಗಿ ಕೇಳಿದೆ: "ಬಾಗಿಲು ತೆಗೆದಿದ್ದು ಯಾರು?"

"ಯಾವ ಬಾಗಿಲು?" ಅಂದಳು. ಆಮೇಲೆ ನೆನಪಾಗಿ, "ಓ, ಅದಾ! ಅವನ ಅತ್ತೆ ಮೇಡಂ. ಹೆಂಡತಿಯ ಅಮ್ಮ. ಮಧ್ಯಾಹ್ನಾನೇ ಬಂದು ಮಲಗಿದ್ರಂತೆ. ಕಂಬಿ ಮೇಲೆ ಕೂತಿದ್ದವನು ಅಲ್ಲಿಂದಾನೇ ಕೈ ಮುಗಿದು, 'ಊಟ ಆಯ್ತಾ ಅತ್ತೆ' ಅಂದನಂತೆ."

ಎಷ್ಟೋ ದಿನದಿಂದ ತಡೆದುಕೊಂಡಿದ್ದ ನಗು. ದವಡೆ ಎಲ್ಲೋ ಒಂದು ಕಡೆ ಚಟ್ ಅಂದಿತು. ಮೇಡಂ ತಡಮಾಡದೆ ಸ್ಕೇಲು ತಂದು ಮೇಲಿನ ಹಲ್ಲಿಂದ ಕೆಳಗಿನ ಹಲ್ಲಿಗೆ ಹಿಡಿದು, "ಹಾಗೇ ಇರಿ, ಮುಚ್ಚಬೇಡಿ" ಅಂದರು. ಸಹಾಯಕಿ ನನ್ನ ಕೇಸ್ ಶೀಟಿನಲ್ಲಿ ಬರೆದುಕೊಂಡಳು: ಬಾಯಿ ತೆರೆಯುವುದು, 38 ಮಿ.ಮೀ.