ಎರಡನೇ ಕಂಬದ ಹತ್ತಿರ

ಬೆಂಗಳೂರಿನಿಂದ ಗೋವಾಕ್ಕೆ ವಿಮಾನದಲ್ಲಿ ಒಂದೂಕಾಲು ಗಂಟೆ ಸಾಕೆಂದು ಲೆಕ್ಕ ಹಾಕಿ, ರಾತ್ರಿಯಿಡೀ ಪಂಚಗಂಗಾ ರೈಲಿನಲ್ಲಿ ಮಗ್ಗುಲು ಬದಲಿಸುತ್ತ ಊರಿಗೆ ಹೋಗುವ ಪಕ್ಕದ ಮನೆಯವರನ್ನು ಕನಿಕರದಿಂದ ನೋಡಿ, ಕಳೆದ ಮೇ ತಿಂಗಳಲ್ಲಿ ಕಾರವಾರಕ್ಕೆ ಹೊರಡಲು ನಾನೇ ಸ್ವತಃ ಟಿಕೆಟ್ ತೆಗೆದೆ. ಎರಡು ದರಗಳಿದ್ದವು, ಎರಡರ ಮುಂದೆಯೂ ಗೋವಾ ಎಂದೇ ಇತ್ತು. ಕಡಿಮೆಯದನ್ನು ಆರಿಸಿಕೊಂಡೆ. ಒಂದರ ಪಕ್ಕ ಜಿಒಐ, ಇನ್ನೊಂದರ ಪಕ್ಕ ಜಿಒಎಕ್ಸ್ ಎಂಬ ಅಕ್ಷರಗಳು ಕಂಡಿದ್ದವಾದರೂ, ಅವು ವಿಮಾನದ ತಳಿಯಿರಬೇಕೆಂದು ಬಿಟ್ಟುಬಿಟ್ಟೆ.

ಇಳಿದು ಹೊರಗೆ ಬಂದವನೇ ಭಾವಮೈದುನನಿಗೆ ಫೋನು ಮಾಡಿದೆ. ಅವನು ಮಗನನ್ನೂ ಕೂರಿಸಿಕೊಂಡು ಕಾರವಾರದಿಂದ ಕಾರು ತಂದು ಮುಕ್ಕಾಲು ಗಂಟೆಯಿಂದ ಕಾಯುತ್ತಿದ್ದ.

“ಭಾವ, ಹೊರಬಾಗಿಲಿನ ಎದುರಿಗೇ ಇದ್ದೇನೆ, ಎರಡನೇ ಕಂಬದ ಹತ್ತಿರ.”

“ನಾನೂ ಎರಡನೇ ಕಂಬದ ಹತ್ತಿರವೇ ಇದ್ದೇನಲ್ಲೋ.”

“ಹಾಗಾದರೆ ಕೈ ಎತ್ತಿ ನೋಡುವಾ.”

ಎತ್ತಿದೆ. ಅವನೂ ಎತ್ತಿದನಂತೆ. ನನ್ನ ಕೈ ಕಂಡು ಇಬ್ಬರು ಟ್ಯಾಕ್ಸಿಯವರು ಓಡಿ ಬಂದರು. ಕಂಬವನ್ನು ಎಡದಿಂದ ಎಣಿಸಬೇಕೋ ಬಲದಿಂದಲೋ ಎಂಬ ಚರ್ಚೆ ಹತ್ತು ನಿಮಿಷ ನಡೆಯಿತು. ಕೊನೆಗೆ ಅವನು, “ಇಲ್ಲಿ ಹೆಚ್ಚು ಹೊತ್ತು ನಿಲ್ಲಬಾರದು ಭಾವ, ಪಕ್ಕದಲ್ಲೇ ನೌಕಾಪಡೆಯವರು” ಎಂದಾಗ ಸುತ್ತ ನೋಡಿದೆ. ನೌಕಾಪಡೆ ಹಾಗಿರಲಿ, ಸಮುದ್ರದ ವಾಸನೆಯೂ ಇರಲಿಲ್ಲ.

ಆ ಅಕ್ಷರಗಳು ವಿಮಾನದ ತಳಿಯಲ್ಲ, ಗೋವಾದ ಎರಡು ನಿಲ್ದಾಣಗಳ ಗುರುತು. ಅವನಿದ್ದುದು ಜಿಒಐ ಎಂಬ ದಾಬೋಲಿಂನಲ್ಲಿ, ನೌಕಾಪಡೆಯ ಹನ್ಸಾ ನೆಲೆಯಲ್ಲಿರುವ ಹಳೆಯ ನಿಲ್ದಾಣದಲ್ಲಿ; ನಾನಿಳಿದದ್ದು ಜಿಒಎಕ್ಸ್ ಎಂಬ, 2023ರ ಜನವರಿಯಿಂದ ವಿಮಾನಗಳು ಬರತೊಡಗಿದ ಮೋಪಾದಲ್ಲಿ, ಪೆರ್ನೆಂ ತಾಲ್ಲೂಕಿನ ಮುರಕಲ್ಲು ಗುಡ್ಡದ ಮೇಲೆ. ಕಾರವಾರಕ್ಕೆಂದು ಹೊರಟವನು ಗೋವೆಯನ್ನೂ ದಾಟಿ, ಇನ್ನೇನು ಮಹಾರಾಷ್ಟ್ರಕ್ಕೆ ಕಾಲಿಡುವಂತೆ ನಿಂತಿದ್ದೆ.

ಅಷ್ಟರಲ್ಲಿ ಹುಡುಗ ಫೋನು ಕಸಿದುಕೊಂಡ. “ಮಾವ, ಎರಡು ನಿಲ್ದಾಣಕ್ಕೂ ಬರೀ 40 ಕಿಲೋಮೀಟರ್. ವಿಮಾನದಲ್ಲಿ 33 ನಿಮಿಷ ಅಂತ ಮೊಬೈಲಿನಲ್ಲಿದೆ!”

ಆ ಲೆಕ್ಕದ ಗುಟ್ಟು ನನಗೆ ಆಮೇಲೆ ತಿಳಿಯಿತು. ಇಂಥ ದೂರ ಹೇಳುವ ಜಾಲತಾಣದವರು ಭೂಪಟದ ಎರಡು ಚುಕ್ಕೆಗಳ ನಡುವೆ ದಾರ ಹಿಡಿದಂತೆ ನೇರ ದೂರವನ್ನು ಅಳೆದು, ಗಂಟೆಗೆ 800 ಕಿಲೋಮೀಟರಿನಂತೆ ಭಾಗಿಸಿ, ಏರುವುದಕ್ಕೂ ಇಳಿಯುವುದಕ್ಕೂ ಅರ್ಧ ಗಂಟೆ ಕೂಡಿಸುತ್ತಾರೆ. ಅಂದರೆ ಮೂರು ನಿಮಿಷದ ಹಾರಾಟ, ಮೂವತ್ತು ನಿಮಿಷದ ಉಪಚಾರ. ನಮ್ಮ ಕಡೆ ಒಂದು ಲೋಟ ಚಹಾ ಕುಡಿಸಲು ಕೂರಿಸಿಕೊಳ್ಳುವಷ್ಟು ಹೊತ್ತು. ದಾರಕ್ಕೇನು, ಜುವಾರಿ ಮತ್ತು ಮಾಂಡವಿ ನದಿಗಳ ಬಾಯನ್ನು ಸಲೀಸಾಗಿ ದಾಟುತ್ತದೆ. ಕಾರು ಮಾತ್ರ ಒಳನಾಡು ಸುತ್ತಿ, ಜುವಾರಿಗೊಂದು ಸೇತುವೆ ಹತ್ತಿ, ಪಣಜಿಯಲ್ಲಿ ಮಾಂಡವಿಗೊಂದು ಸೇತುವೆ ಇಳಿದು, ಮಾಪ್ಸಾದ ವಾಹನಗಳ ನಡುವೆ ತೆವಳಿಕೊಂಡು ಬರಬೇಕು.

ಬರುವಷ್ಟರಲ್ಲಿ ಎರಡು ಗಂಟೆ ಕಳೆದಿತ್ತು. ನನಗೆಂದು ಕಟ್ಟಿಕೊಟ್ಟಿದ್ದ ಸ್ಟೀಲ್ ಡಬ್ಬಿಯಲ್ಲಿ ಹಲಸಿನ ಹಣ್ಣಿನ ಕಡುಬು ಒಂದೂವರೆ ಉಳಿದಿತ್ತು. ಅರ್ಧದ ಅಂಚಿನಲ್ಲಿ ಹುಡುಗನ ಹಲ್ಲಿನ ಗುರುತು ಸ್ಪಷ್ಟವಾಗಿ ಮೂಡಿತ್ತು. ಬಂದ ದಾರಿಯನ್ನೇ ಹಿಡಿದು ಅವೇ ಸೇತುವೆಗಳನ್ನು ತಿರುಗಿ ದಾಟಿದೆವು. ಯಾರೂ ಮಾತಾಡಲಿಲ್ಲ.

ಮಡಗಾಂವ ದಾಟಿ ಕಾಣಕೋಣದ ಕಡೆಗೆ ಘಟ್ಟ ಹತ್ತುವಾಗ ಹುಡುಗ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು, “ಮಾವ, ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಇದೆ. ಇವೆರಡರ ನಡುವೆ ನೇರ ವಿಮಾನವೇ ಇಲ್ಲವಂತೆ” ಎಂದ.

ಭಾವಮೈದುನ ಗೇರು ಬದಲಿಸಿದ. “ಇದ್ದಿದ್ದರೂ ಭಾವ ಹುಬ್ಬಳ್ಳಿಯಲ್ಲಿ ಇಳಿಯುತ್ತಿದ್ದರು ಬಿಡು.”